ಈಜುಕೊಳದ ನೀರು ನೀಲಿಯಾಗಿದ್ದರೆ ಸಾಕೇ? ಪೂಲ್ ಕ್ಲೀನಿಂಗ್ ಗುತ್ತಿಗೆ ಕೊಡುವ ಮುನ್ನ ಕೇಳಬೇಕಾದ ಪ್ರಶ್ನೆಗಳು

ಬೇಸಿಗೆ ರಜೆ ಹತ್ತಿರ ಬರುತ್ತಿದ್ದಂತೆ ಬೆಂಗಳೂರಿನ ಅಪಾರ್ಟ್‌ಮೆಂಟ್‌ಗಳ ವಾಟ್ಸಾಪ್ ಗುಂಪುಗಳಲ್ಲಿ ಒಂದು ಚರ್ಚೆ ತಪ್ಪದೆ ಶುರುವಾಗುತ್ತದೆ: ಈ ಸಲ ಪೂಲ್ ಕ್ಲೀನಿಂಗ್ ಯಾರಿಗೆ ಕೊಡೋಣ? ನನ್ನ ಅಕ್ಕ ಇರುವ ಅಪಾರ್ಟ್‌ಮೆಂಟ್‌ನಲ್ಲೂ ಹಾಗೇ ಆಯಿತು. ಮೂರು ಕೊಟೇಶನ್ ಬಂದವು. ಮೂರರಲ್ಲೂ ಕನ್ನಡಿಯಂಥ ನೀಲಿ ನೀರಿನ ಫೋಟೊ, ಕೆಳಗೆ ತಿಂಗಳಿಗೆ ಇಷ್ಟು ಎಂಬ ಮೊತ್ತ. ಯಾರೂ ಬೇರೇನೂ ಕೇಳಲಿಲ್ಲ, ಕಡಿಮೆ ಮೊತ್ತ ಹೇಳಿದವರಿಗೆ ಕೆಲಸ ಹೋಯಿತು. ಮೂರು ತಿಂಗಳಾಗುವಷ್ಟರಲ್ಲಿ ನೀರು ಮೊದಲಿಗಿಂತ ಹೆಚ್ಚು ನೀಲಿ. ಆದರೆ ಈಜಿ ಬಂದ ಮಕ್ಕಳ ಕಣ್ಣು ಕೆಂಪು, ಒಂದಿಬ್ಬರಿಗೆ ಕೆಮ್ಮು.

"ಕ್ಲೋರಿನ್ ವಾಸನೆ ಜೋರಾಗಿದೆ ಅಂದ್ರೆ ಚೆನ್ನಾಗಿ ಹಾಕ್ತಿದ್ದಾರೆ, ಒಳ್ಳೇದೇ ಅಲ್ವಾ?" ಎಂದು ಗುಂಪಿನಲ್ಲಿ ಒಬ್ಬರು. "ಇಲ್ಲ, ಕ್ಲೋರಿನ್ ಕಡಿಮೆ ಮಾಡಿಸಿ" ಎಂದು ಇನ್ನೊಬ್ಬರು. ಜೊತೆಗೆ ಫಾರ್ವರ್ಡ್‌ಗಳ ಸುರಿಮಳೆ. ಅಕ್ಕ ಅವನ್ನೆಲ್ಲ ನನಗೆ ಕಳಿಸಿ "ಯಾವುದು ನಿಜ ನೋಡು" ಎಂದಳು. ನೋಡಿದ ಮೇಲೆ ಗೊತ್ತಾಗಿದ್ದು, ಮೇಲಿನ ಇಬ್ಬರ ಮಾತೂ ತಪ್ಪು.

ಆ ವಾಸನೆ ಕ್ಲೋರಿನ್‌ನದ್ದಲ್ಲ

ಚೆನ್ನಾಗಿ ನೋಡಿಕೊಂಡ ಈಜುಕೊಳಕ್ಕೆ ಹೇಳಿಕೊಳ್ಳುವಂಥ ವಾಸನೆ ಇರುವುದಿಲ್ಲ. ನಾವು 'ಪೂಲ್ ವಾಸನೆ' ಎಂದು ಗುರುತಿಸುವುದು ಕ್ಲೋರಮೈನ್ ಎಂಬ ವಸ್ತುಗಳ ವಾಸನೆ. ನೀರಿಗೆ ಹಾಕಿದ ಕ್ಲೋರಿನ್ ಬೆವರು, ಮೂತ್ರ, ಮೈಗೆ ಹಚ್ಚಿದ ಎಣ್ಣೆ ಮತ್ತು ಕ್ರೀಮ್‌ಗಳ ಜೊತೆ ಸೇರಿದಾಗ ಇವು ಹುಟ್ಟುತ್ತವೆ. ಕಣ್ಣು ಉರಿಸುವುದೂ ಇವೇ, ಗಂಟಲು ಕೆರೆಸುವುದೂ ಇವೇ. ಆಸ್ತಮಾ ಇರುವ ಮಕ್ಕಳಿಗೆ ಇವುಗಳಿಂದ ಹೆಚ್ಚು ತೊಂದರೆ. ಚಾವಣಿ ಇರುವ ಒಳಾಂಗಣ ಪೂಲ್‌ಗಳಲ್ಲಿ ಗಾಳಿ ಆಡದ ಕಾರಣ ಇನ್ನೂ ಹೆಚ್ಚು.

ವಾಸನೆ ಜೋರಾಗಿದೆ ಎಂದರೆ ಕ್ಲೋರಿನ್ ಕೊಳೆಯ ಜೊತೆ ಸೇರಿ ಖರ್ಚಾಗಿಬಿಟ್ಟಿದೆ, ರೋಗಾಣು ಕೊಲ್ಲಲು ಉಳಿದಿರುವುದು ಕಡಿಮೆ ಎಂದು ಅರ್ಥ. ಆಗ ಕ್ಲೋರಿನ್ ಕಡಿಮೆ ಮಾಡಿಸಿದರೆ ಪರಿಸ್ಥಿತಿ ಇನ್ನಷ್ಟು ಕೆಡುತ್ತದೆ. ಪೂಲ್ ಮುಚ್ಚಿ, ಒಮ್ಮೆಲೇ ಹೆಚ್ಚು ಪ್ರಮಾಣದ ಕ್ಲೋರಿನ್ ಕೊಟ್ಟು ಆ ಕ್ಲೋರಮೈನ್‌ಗಳನ್ನು ಒಡೆಯಬೇಕು. ಇದನ್ನು 'ಶಾಕ್' ಎನ್ನುತ್ತಾರೆ. ಆಮೇಲೆ ಎಲ್ಲರೂ ಸ್ನಾನ ಮಾಡಿಯೇ ನೀರಿಗೆ ಇಳಿಯುವಂತೆ ನೋಡಿಕೊಳ್ಳಬೇಕು.

"ಪೂಲ್‌ನಲ್ಲಿ ಮೂತ್ರ ಮಾಡಿದರೆ ಸುತ್ತಲಿನ ನೀರು ಬಣ್ಣ ತಿರುಗುವ ಕೆಮಿಕಲ್ ಹಾಕಿರುತ್ತಾರೆ" ಎಂಬುದು ಇನ್ನೊಂದು ಹಳೆಯ ಫಾರ್ವರ್ಡ್. ಅಂಥ ಕೆಮಿಕಲ್ ಬಳಕೆಯಲ್ಲಿ ಇಲ್ಲ. ಮಕ್ಕಳನ್ನು ಹೆದರಿಸಲು ಉಪಯೋಗವಾಗುತ್ತದೆ, ಅಷ್ಟೇ. ಹಾಗೆ ಹೆದರಿಸುವುದಕ್ಕೆ ನನ್ನದೇನೂ ಆಕ್ಷೇಪವಿಲ್ಲ.

ನೀಲಿಯ ಗುಟ್ಟು ಮಲೆನಾಡಿನವರಿಗೆ ಗೊತ್ತು

ಅಡಿಕೆ ತೋಟ ಇರುವವರಿಗೆ ಮೈಲುತುತ್ತ ಹೊಸದಲ್ಲ. ಮಳೆಗಾಲದಲ್ಲಿ ಕೊಳೆರೋಗಕ್ಕೆ ಸುಣ್ಣದ ಜೊತೆ ಕಲಸಿ ಬೋರ್ಡೋ ದ್ರಾವಣ ಮಾಡಿ ಹೊಡೆಯುವ ಅದೇ ನೀಲಿ ಹರಳು, ತಾಮ್ರದ ಸಲ್ಫೇಟ್. ಶಿಲೀಂಧ್ರವನ್ನು ತಡೆಯುವ ತಾಮ್ರ ಪಾಚಿಯನ್ನೂ ಕೊಲ್ಲುತ್ತದೆ. ಹಾಗಾಗಿ ಈಜುಕೊಳಕ್ಕೂ ಇದನ್ನು ಹಾಕುವ ರೂಢಿ ಇದೆ. ಪಾಚಿ ಸಾಯುತ್ತದೆ, ನೀರಿಗೆ ಚೆಂದದ ನೀಲಿ ಛಾಯೆಯೂ ಬರುತ್ತದೆ, ಬೆಲೆಯೂ ಕಡಿಮೆ.

ತೊಂದರೆ ಏನೆಂದರೆ, ಪಾಚಿ ಕೊಲ್ಲುವುದೇ ಬೇರೆ, ಮನುಷ್ಯರಿಗೆ ಬೇನೆ ತರುವ ಬ್ಯಾಕ್ಟೀರಿಯಾ, ವೈರಸ್‌ಗಳನ್ನು ಬೇಗ ಕೊಲ್ಲುವುದೇ ಬೇರೆ. ಎರಡನೆಯ ಕೆಲಸಕ್ಕೆ ಮೈಲುತುತ್ತ ಕ್ಲೋರಿನ್‌ಗೆ ಬದಲಿಯಲ್ಲ. ಹೆಚ್ಚಾದರೆ ಗೋಡೆಯ ಮೇಲೆ ಕಲೆ ಕೂರುತ್ತದೆ, ತಿಳಿಬಣ್ಣದ ಕೂದಲು ಹಸಿರಾಗುತ್ತದೆ. ಕೂದಲು ಹಸಿರಾಗಲು ಕ್ಲೋರಿನ್ ಕಾರಣ ಎನ್ನುವ ಮಾತೂ ಸುಳ್ಳೇ, ಅದು ತಾಮ್ರದ ಕೆಲಸ.

ಪಟಿಕ ಹಾಕಿದರೂ ನೀರು ತಿಳಿಯಾಗುತ್ತದೆ. ಮಣ್ಣಿನ ಕಣಗಳು ಒಂದಕ್ಕೊಂದು ಅಂಟಿ ತಳಕ್ಕೆ ಇಳಿಯುತ್ತವೆ, ಅವನ್ನು ವ್ಯಾಕ್ಯೂಮ್‌ನಿಂದ ಎಳೆಯಬಹುದು. ಒಳ್ಳೆಯ ಉಪಾಯವೇ, ಆದರೆ ತಿಳಿ ನೀರೆಲ್ಲ ಸುರಕ್ಷಿತ ನೀರಲ್ಲ. ಇನ್ನು ಹಲವು ಪೂಲ್‌ಗಳಲ್ಲಿ ಟೈಲ್‌ಗಳೇ ನೀಲಿ. ಫೋಟೊ ನೋಡಿ ಗುತ್ತಿಗೆ ಕೊಡುವುದೆಂದರೆ ಟೈಲ್ ನೋಡಿ ಕೊಟ್ಟ ಹಾಗೆ.

ಎರಡು ಸಂಖ್ಯೆ, ಅವುಗಳ ಹಿಂದೆ ಇನ್ನೊಂದು

ಹಾಗಾದರೆ ನೀರು ಸರಿಯಿದೆ ಎಂದು ಹೇಗೆ ತಿಳಿಯುವುದು? ಅಳೆದು. ಮುಖ್ಯವಾಗಿ ಬೇಕಾದ್ದು ಎರಡು ಸಂಖ್ಯೆ: ಮುಕ್ತ ಕ್ಲೋರಿನ್ ಮತ್ತು ಪಿಎಚ್. ಈಜುಕೊಳದ ನೀರಿನ ಗುಣಮಟ್ಟಕ್ಕೆ ಭಾರತೀಯ ಮಾನಕ ಬ್ಯೂರೋದ ಐಎಸ್ 3328 ಎಂಬ ಮಾನದಂಡ ಇದೆ. ಕೊಟೇಶನ್ ಕೊಡುವವರಿಗೆ ಅದರ ಹೆಸರಾದರೂ ಗೊತ್ತಿದೆಯೇ ಎಂದು ಕೇಳಿ ನೋಡಿ. ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಸಿಡಿಸಿ ಸಾರ್ವಜನಿಕರಿಗೆ ಕೊಡುವ ಸಲಹೆ ಸರಳವಾಗಿದೆ: ಮುಕ್ತ ಕ್ಲೋರಿನ್ ಕನಿಷ್ಠ 1 ಪಿಪಿಎಂ, ಸಯನೂರಿಕ್ ಆಮ್ಲ ಬಳಸುವ ಪೂಲ್ ಆದರೆ ಕನಿಷ್ಠ 2 ಪಿಪಿಎಂ. ಒಂದು ಪಿಪಿಎಂ ಎಂದರೆ ಸಾವಿರ ಲೀಟರ್ ನೀರಿಗೆ ಒಂದು ಗ್ರಾಂ.

ಅದೇ ಕ್ಲೋರಿನ್ ಎಷ್ಟು ಚುರುಕಾಗಿ ಕೆಲಸ ಮಾಡುತ್ತದೆ ಎಂಬುದು ಪಿಎಚ್ ಮೇಲೆ ನಿಂತಿದೆ. 7.2ರಿಂದ 7.8ರ ಒಳಗೆ ಇರಬೇಕು. 7.5ರಲ್ಲಿ ಕ್ಲೋರಿನ್‌ನ ಹೆಚ್ಚುಕಡಿಮೆ ಅರ್ಧದಷ್ಟು ಚುರುಕಾದ ರೂಪದಲ್ಲಿ ಇರುತ್ತದೆ, 8 ದಾಟಿದರೆ ಅದು ಕಾಲು ಭಾಗಕ್ಕಿಂತ ಕೆಳಗೆ ಇಳಿಯುತ್ತದೆ. ಪಿಎಚ್ ನೋಡದೆ ಕ್ಲೋರಿನ್ ಸುರಿಯುವವರು ನಿಮ್ಮ ದುಡ್ಡನ್ನೇ ನೀರಿಗೆ ಸುರಿಯುತ್ತಿರುತ್ತಾರೆ.

ಮೂರನೆಯದು ಸಯನೂರಿಕ್ ಆಮ್ಲ. ಇದರ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು, ಏಕೆಂದರೆ ಅಕ್ಕನ ಅಪಾರ್ಟ್‌ಮೆಂಟ್‌ನ ತೊಂದರೆಯ ಬೇರು ಇಲ್ಲೇ ಇತ್ತು. ಬರೀ ಕ್ಲೋರಿನ್ ಬಿಸಿಲಿಗೆ ಬೇಗ ಒಡೆದುಹೋಗುತ್ತದೆ. ಅದನ್ನು ಕಾಪಾಡಲು ನೀರಿನಲ್ಲಿ ಒಂದಿಷ್ಟು ಸಯನೂರಿಕ್ ಆಮ್ಲ, ಸಾಮಾನ್ಯವಾಗಿ 30ರಿಂದ 50 ಪಿಪಿಎಂ, ಇಟ್ಟುಕೊಳ್ಳುತ್ತಾರೆ. ನೀರಿಗೆ ಹಾಕಿದ ಕೊಡೆ ಎಂದುಕೊಳ್ಳಿ. ಮಾರುಕಟ್ಟೆಯಲ್ಲಿ ಟಿಸಿಸಿಎ ಹೆಸರಿನಲ್ಲಿ ಸಿಗುವ ಬಿಳಿ ಮಾತ್ರೆಗಳಲ್ಲಿ ಕ್ಲೋರಿನ್ ಮತ್ತು ಈ ಕೊಡೆ ಎರಡೂ ಒಟ್ಟಿಗೇ ಇರುತ್ತವೆ. ಕ್ಲೋರಿನ್ ಖರ್ಚಾಗುತ್ತದೆ, ಕೊಡೆ ಉಳಿಯುತ್ತದೆ. ಅದು ಆವಿಯಾಗುವುದಿಲ್ಲ, ಮರಳಿನ ಫಿಲ್ಟರ್ ಅದನ್ನು ಹಿಡಿಯುವುದೂ ಇಲ್ಲ. ಪ್ರತಿ 1 ಪಿಪಿಎಂ ಕ್ಲೋರಿನ್ ಹಾಕಿದಾಗ ಸುಮಾರು 0.6 ಪಿಪಿಎಂ ಸಯನೂರಿಕ್ ಆಮ್ಲ ಜಮೆಯಾಗುತ್ತದೆ. ಜಾಸ್ತಿಯಾದರೆ ಕೊಡೆಯೇ ಕ್ಲೋರಿನ್‌ನ ಕೈ ಕಟ್ಟುತ್ತದೆ: ಟೆಸ್ಟ್‌ನಲ್ಲಿ ಕ್ಲೋರಿನ್ ಕಾಣುತ್ತದೆ, ಕೆಲಸ ಮಾತ್ರ ನಿಧಾನ.

ಲೆಕ್ಕ ಹಾಕಿ ನೋಡೋಣ

ಹತ್ತು ಮೀಟರ್ ಉದ್ದ, ಐದು ಮೀಟರ್ ಅಗಲ, ಸರಾಸರಿ 1.2 ಮೀಟರ್ ಆಳದ ಪೂಲ್ ಎಂದಿಟ್ಟುಕೊಳ್ಳಿ. ಅದರಲ್ಲಿ 60,000 ಲೀಟರ್ ನೀರು. ಬಿಸಿಲು, ಈಜುವವರ ಸಂಖ್ಯೆ ಸೇರಿ ದಿನಕ್ಕೆ 2 ಪಿಪಿಎಂ ಕ್ಲೋರಿನ್ ಖರ್ಚಾಗುತ್ತದೆ ಎಂದರೆ 120 ಗ್ರಾಂ ಬೇಕು. ಟಿಸಿಸಿಎ ಮಾತ್ರೆಯಲ್ಲಿ ಬಳಕೆಗೆ ಬರುವ ಕ್ಲೋರಿನ್ ಸುಮಾರು ಶೇ 90. ಅಂದರೆ ದಿನಕ್ಕೆ ಸುಮಾರು 133 ಗ್ರಾಂ, ತಿಂಗಳಿಗೆ 4 ಕೆಜಿ ಮಾತ್ರೆ.

ಈ ಒಂದು ಲೆಕ್ಕ ಗೊತ್ತಿದ್ದರೆ ಕೊಟೇಶನ್ ಓದುವ ರೀತಿಯೇ ಬದಲಾಗುತ್ತದೆ. "ಕೆಮಿಕಲ್ ಸೇರಿ ಇಷ್ಟು" ಎಂದವರನ್ನು ತಿಂಗಳಿಗೆ ಯಾವ ಕೆಮಿಕಲ್, ಎಷ್ಟು ಕೆಜಿ ಎಂದು ಕೇಳಿ. ನಿಮ್ಮ ಪೂಲ್‌ನ ಲೀಟರ್ ಲೆಕ್ಕವನ್ನೇ ಕೇಳದೆ ದರ ಹೇಳಿದವರು ಡೋಸ್ ಹೇಗೆ ನಿರ್ಧರಿಸುತ್ತಾರೆ? ನಾಲ್ಕು ಕೆಜಿ ಬೇಕಾದ ಕಡೆ ಒಂದು ಕೆಜಿ ತರುವವರು ಉಳಿದದ್ದನ್ನು ಮೈಲುತುತ್ತದ ನೀಲಿಯಲ್ಲಿ ತುಂಬಿಸುತ್ತಿರಬಹುದು.

ಇನ್ನು ಕೊಡೆಯ ಲೆಕ್ಕ. ದಿನಕ್ಕೆ 2 ಪಿಪಿಎಂ ಕ್ಲೋರಿನ್ ಎಲ್ಲವೂ ಮಾತ್ರೆಯಿಂದಲೇ ಬಂದರೆ ದಿನಕ್ಕೆ 1.2, ತಿಂಗಳಿಗೆ 36, ಮೂರು ತಿಂಗಳಿಗೆ 108 ಪಿಪಿಎಂ ಸಯನೂರಿಕ್ ಆಮ್ಲ. ಮಳೆ ಬಂದು, ಫಿಲ್ಟರ್ ತೊಳೆಯುವಾಗ ನೀರು ಹೊರಹೋಗಿ, ಹೊಸ ನೀರು ಸೇರಿದಷ್ಟು ಇದು ತಗ್ಗುತ್ತದೆ. ಬೇಸಿಗೆಯಲ್ಲಿ ಬರೀ ಆವಿಯಾದ ನೀರಿಗೆ ನೀರು ತುಂಬಿಸುತ್ತಾ ಹೋದರೆ ತಗ್ಗುವುದಿಲ್ಲ. ಹಾಗಾಗಿ ಬಲ್ಲವರು ಕೊಡೆ ಸಾಕಷ್ಟಾದ ಮೇಲೆ ಮಾತ್ರೆ ನಿಲ್ಲಿಸಿ ದ್ರವರೂಪದ ಸೋಡಿಯಂ ಹೈಪೋಕ್ಲೋರೈಟ್‌ಗೆ ಬದಲಾಯಿಸುತ್ತಾರೆ. ಒಮ್ಮೆ 120 ಮುಟ್ಟಿದ್ದನ್ನು 50ಕ್ಕೆ ಇಳಿಸಬೇಕಾದರೆ ಅರ್ಧಕ್ಕಿಂತ ಹೆಚ್ಚು ನೀರು ಬದಲಿಸಬೇಕು. 60,000 ಲೀಟರ್‌ನ ಪೂಲ್‌ನಲ್ಲಿ ಅದು 12,000 ಲೀಟರ್‌ನ ಮೂರು ಟ್ಯಾಂಕರ್. 2024ರ ಮಾರ್ಚ್‌ನಲ್ಲಿ ನೀರಿನ ಬರ ಬಂದಾಗ ಬೆಂಗಳೂರು ಜಲಮಂಡಳಿ ಈಜುಕೊಳಗಳಿಗೆ ಕುಡಿಯುವ ನೀರು ಬಳಸುವುದನ್ನೇ ನಿಷೇಧಿಸಿ 5,000 ರೂಪಾಯಿ ದಂಡ ಹಾಕುವುದಾಗಿ ಹೇಳಿತ್ತು. ಇಂಥ ಊರಿನಲ್ಲಿ ಅಳತೆ ಇಲ್ಲದ ಕ್ಲೀನಿಂಗ್ ದುಬಾರಿ.

ಹಳದಿ ಬಣ್ಣ ಸಾಲದು

ಪೂಲ್ ಹುಡುಗರು ಸಾಮಾನ್ಯವಾಗಿ ತರುವುದು ಎರಡು ಕೊಳವೆಯ ಚಿಕ್ಕ ಪ್ಲಾಸ್ಟಿಕ್ ಕಿಟ್. ಒಂದರಲ್ಲಿ ಹನಿ ಹಾಕಿದರೆ ನೀರು ಹಳದಿ, ಇನ್ನೊಂದರಲ್ಲಿ ಕೆಂಪು. ಕೆಂಪು ಬರುವುದು ಪಿಎಚ್‌ಗೆ, ಅದು ಸರಿ. ಹಳದಿ ಬರುವುದು ಒಟಿಒ ಎಂಬ ದ್ರಾವಣದಿಂದ, ಅದು ತೋರಿಸುವುದು ಒಟ್ಟು ಕ್ಲೋರಿನ್. ಅಂದರೆ ರೋಗಾಣು ಕೊಲ್ಲುವ ಮುಕ್ತ ಕ್ಲೋರಿನ್ ಮತ್ತು ಕಣ್ಣು ಉರಿಸುವ ಕ್ಲೋರಮೈನ್ ಎರಡೂ ಸೇರಿದ ಮೊತ್ತ. ಕೆಟ್ಟ ನೀರೂ ಗಾಢ ಹಳದಿ ತೋರಿಸಬಹುದು!

ಬೇಕಾದ್ದು ಡಿಪಿಡಿ ಟೆಸ್ಟ್. ಅದರಲ್ಲಿ ಗುಲಾಬಿ ಬಣ್ಣ ಬರುತ್ತದೆ, ಮುಕ್ತ ಮತ್ತು ಒಟ್ಟು ಕ್ಲೋರಿನ್ ಎರಡನ್ನೂ ಬೇರೆಬೇರೆಯಾಗಿ ಅಳೆಯಬಹುದು. ಎರಡರ ನಡುವಿನ ವ್ಯತ್ಯಾಸವೇ ಕ್ಲೋರಮೈನ್. ಆ ವ್ಯತ್ಯಾಸ 0.4 ಪಿಪಿಎಂ ದಾಟಿದರೆ ಏನೋ ಮಾಡಬೇಕು ಎಂದು ಅರ್ಥ. ಗುತ್ತಿಗೆ ಕೊಡುವ ಮುನ್ನ ನಾನು ಒಂದೇ ಪ್ರಶ್ನೆ ಕೇಳಬಹುದಾದರೆ ಇದನ್ನೇ ಕೇಳುತ್ತೇನೆ: "ಕ್ಲೋರಿನ್ ಯಾವುದರಲ್ಲಿ ಅಳೆಯುತ್ತೀರಿ, ದಾಖಲೆ ಎಲ್ಲಿ ಬರೆದಿಡುತ್ತೀರಿ?" ಹಳೆಯ ಗ್ರಾಹಕರ ಹೊಗಳಿಕೆಗಿಂತ ಹಳೆಯ ಗ್ರಾಹಕರ ಪಂಪ್ ರೂಮಿನಲ್ಲಿರುವ ಪುಸ್ತಕ ನೋಡುವುದು ಮೇಲು. ಅದರಲ್ಲಿ ದಿನವೂ ಒಂದೇ ಸಂಖ್ಯೆ, ಒಂದೇ ಪೆನ್ನಿನಲ್ಲಿ ಇದ್ದರೆ ಅದೂ ಒಂದು ಉತ್ತರವೇ.

ಸಂಖ್ಯೆ ಸರಿಯಿದ್ದರೂ ಕ್ಲೋರಿನ್ ಎಲ್ಲವನ್ನೂ ಕೂಡಲೇ ಕೊಲ್ಲುವುದಿಲ್ಲ. 1 ಪಿಪಿಎಂ ಮುಕ್ತ ಕ್ಲೋರಿನ್‌ನಲ್ಲಿ ಇ.ಕೋಲಿ ಬ್ಯಾಕ್ಟೀರಿಯಾ ಒಂದು ನಿಮಿಷದೊಳಗೆ ಸಾಯುತ್ತದೆ. ಹೆಪಟೈಟಿಸ್ ಎ ವೈರಸ್‌ಗೆ ಸುಮಾರು 16 ನಿಮಿಷ, ಜಿಯಾರ್ಡಿಯಾಗೆ ಸುಮಾರು 45 ನಿಮಿಷ ಬೇಕು. ಭೇದಿ ತರಿಸುವ ಕ್ರಿಪ್ಟೊಸ್ಪೊರಿಡಿಯಂ ಮಾತ್ರ ಹತ್ತು ದಿನಕ್ಕೂ ಹೆಚ್ಚು ಬದುಕಿರುತ್ತದೆ. ಆದ್ದರಿಂದ ಭೇದಿ ಇರುವ ಮಗುವನ್ನು ಪೂಲ್‌ಗೆ ಇಳಿಸಬಾರದು ಎಂಬ ನಿಯಮಕ್ಕೆ ಯಾವ ಕ್ಲೀನಿಂಗ್ ಕಂಪನಿಯೂ ಬದಲಿಯಲ್ಲ. ಕೇರಳದ ಸುದ್ದಿಗಳ ನಂತರ ಎಲ್ಲೆಡೆ ಹರಿದಾಡುತ್ತಿರುವ 'ಮೆದುಳು ತಿನ್ನುವ ಅಮೀಬಾ'ದ ಫಾರ್ವರ್ಡ್‌ಗಳ ಬಗ್ಗೆ ಇಷ್ಟು ಹೇಳಬಹುದು: ಆ ಅಮೀಬಾ ಕುಡಿದ ನೀರಿನಿಂದ ಅಲ್ಲ, ಮೂಗಿನೊಳಗೆ ಹೋದ ನೀರಿನಿಂದ ಮೆದುಳಿಗೆ ಸೇರುತ್ತದೆ. ಅದಕ್ಕೆ ಬೆಚ್ಚಗಿನ, ಕ್ಲೋರಿನ್ ಇಲ್ಲದ ಸಿಹಿನೀರು ಇಷ್ಟ. ಕ್ಲೋರಿನ್ ಸರಿಯಾಗಿ ಇರಿಸಿದ ಪೂಲ್‌ನಲ್ಲಿ ಅದು ಉಳಿಯುವುದಿಲ್ಲ.

"ನಮ್ಮದು ಕ್ಲೋರಿನ್ ಇಲ್ಲದ ಸಾಲ್ಟ್ ಪೂಲ್" ಎಂದು ಯಾರಾದರೂ ಹೇಳಿದರೆ ನಕ್ಕು ಸುಮ್ಮನಾಗಬಹುದು. ಉಪ್ಪುನೀರಿನ ಪೂಲ್‌ನಲ್ಲಿರುವ ಯಂತ್ರ ವಿದ್ಯುತ್ ಹಾಯಿಸಿ ಉಪ್ಪಿನಿಂದ ತಯಾರಿಸುವುದೂ ಕ್ಲೋರಿನ್ ಅನ್ನೇ.

ಅಳತೆಗೆ ಸಿಗದ ಅಪಾಯಗಳು

ನೀರಿನ ಗುಣಮಟ್ಟ ಕೆಟ್ಟರೆ ಕಾಯಿಲೆ. ಆದರೆ ಪೂಲ್‌ನಲ್ಲಿ ಕ್ಷಣದಲ್ಲಿ ಪ್ರಾಣ ತೆಗೆಯುವ ಸಂಗತಿಗಳು ಬೇರೆ ಇವೆ. 2023ರ ಡಿಸೆಂಬರ್‌ನಲ್ಲಿ ಬೆಂಗಳೂರಿನ ವರ್ತೂರು ಭಾಗದ ಅಪಾರ್ಟ್‌ಮೆಂಟ್ ಒಂದರ ಈಜುಕೊಳದಲ್ಲಿ ಬಾಲಕಿಯೊಬ್ಬಳು ಸತ್ತಳು, ವಿದ್ಯುತ್ ಆಘಾತ ಕಾರಣವೆಂದು ತನಿಖೆ ನಡೆಯಿತು. ಪೊಲೀಸರು ಬಂಧಿಸಿದವರಲ್ಲಿ ನಿವಾಸಿಗಳ ಸಂಘದ ಪದಾಧಿಕಾರಿಯೂ ಇದ್ದರು. ಗುತ್ತಿಗೆ ಕೊಟ್ಟ ಮಾತ್ರಕ್ಕೆ ಹೊಣೆ ಕೈಬಿಡುವುದಿಲ್ಲ. ನೀರಿನೊಳಗಿನ ದೀಪಗಳು 12 ವೋಲ್ಟ್‌ನವೇ, ಪಂಪ್‌ನ ಲೈನ್‌ಗೆ 30 ಮಿಲಿ ಆಂಪಿಯರ್‌ಗೆ ಕಡಿತಗೊಳ್ಳುವ ಆರ್‌ಸಿಸಿಬಿ ಇದೆಯೇ, ಅದನ್ನು ಪರೀಕ್ಷಾ ಗುಂಡಿ ಒತ್ತಿ ಕೊನೆಯ ಸಲ ನೋಡಿದ್ದು ಯಾವಾಗ? ಇದು ಪೂಲ್ ಹುಡುಗನ ಕೆಲಸವಲ್ಲ, ಪರವಾನಗಿ ಇರುವ ಎಲೆಕ್ಟ್ರಿಷಿಯನ್‌ನದ್ದು. ಆದರೆ ಯಾರದು ಎಂಬುದು ಒಪ್ಪಂದದಲ್ಲಿ ಬರೆದಿರಬೇಕು.

ತಳದ ಡ್ರೈನ್ ಮುಚ್ಚಳ ಮತ್ತೊಂದು. ಪಂಪ್ ಎಳೆಯುವ ಬಲಕ್ಕೆ ಮಗುವಿನ ಮೈ ಅಥವಾ ಕೂದಲು ಅಲ್ಲಿ ಸಿಕ್ಕಿಕೊಂಡರೆ ದೊಡ್ಡವರೂ ಬಿಡಿಸಲಾರರು. ಅಮೆರಿಕದ ಮಾಜಿ ವಿದೇಶಾಂಗ ಕಾರ್ಯದರ್ಶಿ ಜೇಮ್ಸ್ ಬೇಕರ್ ಅವರ ಏಳು ವರ್ಷದ ಮೊಮ್ಮಗಳು 2002ರಲ್ಲಿ ಹೀಗೇ ಸತ್ತಳು. ಅವಳ ಹೆಸರಿನಲ್ಲೇ 2007ರಲ್ಲಿ ಅಲ್ಲಿ ಡ್ರೈನ್ ಮುಚ್ಚಳಗಳ ಬಗ್ಗೆ ಕಾನೂನು ಬಂತು. ಮುಚ್ಚಳ ಒಡೆದಿದ್ದರೆ, ಸ್ಕ್ರೂ ಸಡಿಲವಾಗಿದ್ದರೆ ಅದು ಸರಿಯಾಗುವ ತನಕ ಪೂಲ್ ಮುಚ್ಚಬೇಕು. "ನಾಳೆ ಹಾಕ್ತೀವಿ, ಮಕ್ಕಳು ಆಡಲಿ ಬಿಡಿ" ಎನ್ನುವವರನ್ನು ಅದೇ ದಿನ ಬದಲಿಸಿ.

ಪಂಪ್ ರೂಮಿಗೂ ಒಮ್ಮೆ ಇಣುಕಿ. ಪಿಎಚ್ ಇಳಿಸಲು ಬಳಸುವ ಹೈಡ್ರೋಕ್ಲೋರಿಕ್ ಆಮ್ಲ ಮತ್ತು ಹೈಪೋಕ್ಲೋರೈಟ್ ಸೇರಿದರೆ ಕ್ಲೋರಿನ್ ಅನಿಲ ಹೊರಬರುತ್ತದೆ, 1915ರಲ್ಲಿ ಯುದ್ಧಭೂಮಿಯಲ್ಲಿ ಬಿಟ್ಟ ಅದೇ ವಿಷಾನಿಲ. ಟಿಸಿಸಿಎ ಮತ್ತು ಕ್ಯಾಲ್ಸಿಯಂ ಹೈಪೋಕ್ಲೋರೈಟ್ ಎರಡೂ ನೋಡಲು ಬಿಳಿ ಪುಡಿಯೇ, ಒಂದೇ ಚಮಚದಲ್ಲಿ ಬೆರೆಸಿದರೆ ಬೆಂಕಿ ಹೊತ್ತಿಕೊಳ್ಳಬಹುದು, ಸಿಡಿಯಬಹುದು. ನಾನು ನೋಡಿದ ಪಂಪ್ ರೂಮಿನಲ್ಲಿ ಇವೆಲ್ಲ ಒಂದೇ ಮೂಲೆಯಲ್ಲಿ, ಲೇಬಲ್ ಹರಿದ ಕ್ಯಾನ್‌ಗಳಲ್ಲಿ ಇದ್ದವು. ಕೆಲಸ ಮಾಡುವ ಹುಡುಗನಿಗೆ ಗ್ಲೌಸ್ ಇರಲಿಲ್ಲ, ಕಾಲಲ್ಲಿ ಹವಾಯಿ ಚಪ್ಪಲಿ. ಕೆಲಸಗಾರನಿಗೆ ಗ್ಲೌಸ್, ಕನ್ನಡಕ, ತರಬೇತಿ ಕೊಡದ ಸಂಸ್ಥೆ ನಿಮ್ಮ ಮಕ್ಕಳ ನೀರಿನ ಬಗ್ಗೆ ಮುತುವರ್ಜಿ ವಹಿಸುತ್ತದೆ ಎಂದು ನಂಬಲು ನನಗಂತೂ ಕಷ್ಟ.

"ಪೂರ್ತಿ ಖಾಲಿ ಮಾಡಿ ತೊಳೀಬೇಕು ಸಾರ್" ಎಂಬ ಸಲಹೆಗೂ ಕೂಡಲೇ ತಲೆಯಾಡಿಸಬೇಡಿ. ಹಸಿರಾದ ನೀರನ್ನು ಬಹುತೇಕ ಸಂದರ್ಭಗಳಲ್ಲಿ ಶಾಕ್, ಬ್ರಶ್, ಫಿಲ್ಟರ್‌ಗಳಿಂದಲೇ ಕೆಲವು ದಿನಗಳಲ್ಲಿ ಸರಿಮಾಡಬಹುದು. ಮಳೆಗಾಲದಲ್ಲಿ ಅಂತರ್ಜಲ ಮೇಲೆ ಬಂದಿರುವಾಗ ಪೂಲ್ ಖಾಲಿ ಮಾಡಿದರೆ ಕೆಳಗಿನ ನೀರಿನ ಒತ್ತಡಕ್ಕೆ ಇಡೀ ತೊಟ್ಟಿಯೇ ದೋಣಿಯ ಹಾಗೆ ಮೇಲೆದ್ದು ಬಿರುಕು ಬಿಡುವುದುಂಟು. ಕರಾವಳಿಯಂಥ ಕಡೆ ಇದು ಇನ್ನೂ ಹೆಚ್ಚು ನೆನಪಿಡಬೇಕಾದ ಮಾತು. ನೀರು ಬದಲಿಸಲೇಬೇಕಾದರೆ ಸ್ವಲ್ಪ ಸ್ವಲ್ಪವಾಗಿ ಬದಲಿಸಬೇಕು, ಕ್ಲೋರಿನ್ ಇಳಿದ ಮೇಲೆಯೇ ಹೊರಬಿಡಬೇಕು. ರಾಜಕಾಲುವೆಗೆ ಹಾಗೇ ಬಿಟ್ಟರೆ ಮುಂದಿನ ಕೆರೆಯ ಮೀನಿಗೆ ತೊಂದರೆ.

ಅಕ್ಕನ ಅಪಾರ್ಟ್‌ಮೆಂಟ್‌ನಲ್ಲಿ ಆಗಿದ್ದೇನು?

ಕಡೆಗೆ ಅವರು ನೀರನ್ನು ಲ್ಯಾಬ್‌ಗೆ ಕಳಿಸಿದರು. ಸಯನೂರಿಕ್ ಆಮ್ಲ 100 ದಾಟಿತ್ತು, ಪಿಎಚ್ 8ರ ಮೇಲಿತ್ತು, ತಾಮ್ರವೂ ಇತ್ತು. ಹಳದಿ ಕಿಟ್‌ನಲ್ಲಿ ಮಾತ್ರ ಕ್ಲೋರಿನ್ ಪ್ರತಿದಿನ 'ಓಕೆ'. ಪೂಲ್ ನೋಡಿಕೊಳ್ಳುತ್ತಿದ್ದ ಹುಡುಗನನ್ನು ಕರೆದು ಕೇಳಿದಾಗ ಅವನು ಏನನ್ನೂ ಮುಚ್ಚಿಡಲಿಲ್ಲ. ದಿನಕ್ಕೆ ಏಳೆಂಟು ಪೂಲ್ ಸುತ್ತಬೇಕು, ಕಂಪನಿ ಕೊಟ್ಟಿದ್ದು ಮಾತ್ರೆ ಮತ್ತು ಮೈಲುತುತ್ತ, "ನೀರು ನೀಲಿ ಇಲ್ಲಾಂದ್ರೆ ಫೋಟೊ ಕಳಿಸೋಕಾಗಲ್ಲ, ಬೈತಾರೆ" ಎಂದ.

ಹೊಸ ಗುತ್ತಿಗೆ ಹೋದದ್ದು ಎರಡನೇ ಕೊಟೇಶನ್ ಕೊಟ್ಟಿದ್ದವರಿಗೆ, ಮೊದಲಿಗಿಂತ ಹೆಚ್ಚಿನ ಮೊತ್ತಕ್ಕೆ. ಈಗ ಪಂಪ್ ರೂಮಿನ ಬಾಗಿಲಿಗೆ ದಾರದಲ್ಲಿ ಕಟ್ಟಿದ ಒಂದು ನೋಟ್‌ಬುಕ್ ಇದೆ. ದಿನಕ್ಕೆ ಎರಡು ಹೊತ್ತು ಮುಕ್ತ ಕ್ಲೋರಿನ್, ಒಟ್ಟು ಕ್ಲೋರಿನ್, ಪಿಎಚ್; ತಿಂಗಳಿಗೊಮ್ಮೆ ಸಯನೂರಿಕ್ ಆಮ್ಲ. ಕಳೆದ ವಾರ ಅಕ್ಕ ಅದರ ಒಂದು ಪುಟದ ಫೋಟೊ ಕಳಿಸಿದ್ದಳು. ಭಾನುವಾರ ಸಂಜೆಯ ಸಾಲಿನಲ್ಲಿ ಮುಕ್ತ 1.4, ಒಟ್ಟು 2.1 ಎಂದಿತ್ತು. ಅದರ ಕೆಳಗೆ ಬೇರೆ ಪೆನ್ನಿನಲ್ಲಿ: "ಬರ್ತ್‌ಡೇ ಪಾರ್ಟಿ, 30 ಮಕ್ಕಳು. ರಾತ್ರಿ ಶಾಕ್. ಸೋಮವಾರ ಪೂಲ್ ಬಂದ್."